ಭಾವಗೀತೆನ ಸ್ಟಾಫ್ ನೊಟೇಶನ್‌ಗೆ ಹಾಕಿದ್ಮೇಲೆ ಪೇಜ್ ಸೆಟ್ ಮಾಡೋದು ಹೇಗೆ

ನವೆಂಬರ್ ಹತ್ರ ಬಂತು ಅಂದ್ರೆ ಬೆಂಗಳೂರಲ್ಲಿ ಯಾವ ಅಪಾರ್ಟ್‌ಮೆಂಟ್ ನೋಡಿದ್ರೂ ರಾಜ್ಯೋತ್ಸವಕ್ಕೆ ಕಾಯರ್ ಪ್ರಾಕ್ಟೀಸ್ ನಡೀತಿರತ್ತೆ, ಯಾರೋ ಒಬ್ರು ಕೂತ್ಕೊಂಡು ಭಾವಗೀತೆಗೆ ನಾಲ್ಕು ವಾಯ್ಸ್ ಬರೆದು, ಸ್ಟಾಫ್ ನೊಟೇಶನ್ನಲ್ಲಿ (ಐದು ಗೆರೆ ಮೇಲೆ ಸ್ವರ ಬರೆಯೋ ಪಾಶ್ಚಾತ್ಯ ಪದ್ಧತಿ) ಮ್ಯೂಸ್‌ಸ್ಕೋರ್ ಅನ್ನೋ ಸಾಫ್ಟ್‌ವೇರಲ್ಲಿ ಟೈಪ್ ಮಾಡಿರ್ತಾರೆ. ಪ್ಲೇ ಮಾಡಿದ್ರೆ ಸೂಪರ್, ಪ್ರಿಂಟ್ ಕೈಗೆ ಬಂದ್ರೆ ಓದಕ್ಕಾಗಲ್ಲ. ಅಂಥವರಿಗೋಸ್ಕರ ಇದು. ಮ್ಯೂಸ್‌ಸ್ಕೋರ್ 4 ಇಟ್ಕೊಂಡೇ ಹೇಳ್ತೀನಿ, ಫ್ರೀ ಇದೆ, ಹೆಚ್ಚಿನವರ ಹತ್ರ ಅದೇ ಇರೋದು.

ಮೊದ್ಲು ಸ್ವರ, ಸಾಹಿತ್ಯ ಎಲ್ಲಾ ಮುಗಿಸಿ, ಆಮೇಲೆ ಲೇಔಟ್. ಮಧ್ಯದಲ್ಲಿ ಒಂದೊಂದನ್ನೂ ಮೌಸಲ್ಲಿ ಎಳೆದು ಸರಿ ಮಾಡ್ತಾ ಹೋದ್ರೆ ಆಮೇಲೆ ಒಂದು ಬಾರ್ (ಎರಡು ನಿಂತ ಗೆರೆ ಮಧ್ಯದ ತುಂಡು) ಸೇರಿಸಿದಾಗ ಎಲ್ಲಾ ಎಲ್ಲೆಲ್ಲೋ ಹೋಗತ್ತೆ. ಈಗಾಗ್ಲೇ ಎಳೆದಿದ್ರೆ ಸೆಲೆಕ್ಟ್ ಮಾಡಿ ಕಂಟ್ರೋಲ್ ಆರ್ ಒತ್ತಿ, ವಾಪಸ್ ಜಾಗಕ್ಕೆ ಬರತ್ತೆ.

ಶುರು ಮಾಡೋದು ಸೈಜಿಂದ. ಫಾರ್ಮ್ಯಾಟ್ ಮೆನುಲಿ ಪೇಜ್ ಸೆಟ್ಟಿಂಗ್ಸ್ ಹೋಗಿ, ಪೇಪರ್ ಎ4 ಇದ್ಯಾ ನೋಡಿ, ಎಷ್ಟೋ ಫೈಲು ಅಮೆರಿಕದ ಲೆಟರ್ ಸೈಜಲ್ಲಿರತ್ತೆ. ಅಲ್ಲೇ ಸ್ಟಾಫ್ ಸ್ಪೇಸ್ ಅಂತಿದೆ, ಎರಡು ಗೆರೆ ಮಧ್ಯದ ಗ್ಯಾಪ್ ಅದು, ಡಿಫಾಲ್ಟ್ 1.75 ಮಿ.ಮೀ., ಅಂದ್ರೆ ಐದು ಗೆರೆಯ ಪೂರ್ತಿ ಎತ್ತರ 7 ಮಿ.ಮೀ. ನಾಲ್ಕು ವಾಯ್ಸ್ ಜೊತೆ ಕೀಬೋರ್ಡಿನ ಎರಡು ಸೇರಿದ್ರೆ ಒಂದು ಸಿಸ್ಟಮ್ಮಿಗೆ (ಒಟ್ಟಿಗೆ ಓದೋ ಸ್ಟಾಫ್‌ಗಳ ಒಂದು ಸಾಲು) ಆರು ಸ್ಟಾಫ್, ಅದಕ್ಕೆ ಸ್ಟಾಫ್ ಸ್ಪೇಸ್ 1.5 ಸುತ್ತಮುತ್ತ ಇಟ್ರೆ ಪೇಜಿಗೆ ಎರಡು ಸಿಸ್ಟಮ್ ಆರಾಮಾಗಿ ಕೂರತ್ತೆ. ಅದಕ್ಕಿಂತ ತುಂಬಾ ಚಿಕ್ಕದು ಮಾಡ್ಬೇಡಿ, ಕ್ಲಬ್‌ಹೌಸ್ ಲೈಟಲ್ಲಿ ಆಂಟಿ ಅಂಕಲ್‌ಗಳು ಓದ್ಬೇಕು.

ಆಮೇಲೆ ಸಾಲು ಮುರಿಯೋದು. ಸಾಫ್ಟ್‌ವೇರ್ ಎಷ್ಟು ಬಾರ್ ಹಿಡಿಯತ್ತೋ ಅಷ್ಟನ್ನೂ ತುರುಕತ್ತೆ, ಪೀಕ್ ಅವರ್ ಬಿಎಂಟಿಸಿ ಥರ. ಹಾಡೋರಿಗೆ ಬೇಕಿರೋದು ಪಲ್ಲವಿಯ ಸಾಲು ಎಲ್ಲಿ ಮುಗಿಯತ್ತೋ ಅಲ್ಲೇ ಸಿಸ್ಟಮ್ಮೂ ಮುಗಿಯೋದು, ಉಸಿರು ತಗೊಳೋ ಜಾಗ ಕಣ್ಣಿಗೇ ಕಾಣತ್ತೆ. ಆ ಬಾರ್ ಸೆಲೆಕ್ಟ್ ಮಾಡಿ ಎಂಟರ್ ಒತ್ತಿದ್ರೆ ಸಿಸ್ಟಮ್ ಬ್ರೇಕ್, ಕಂಟ್ರೋಲ್ ಎಂಟರ್ ಒತ್ತಿದ್ರೆ ಪೇಜ್ ಬ್ರೇಕ್. ಚರಣ ಹೊಸ ಸಾಲಿಂದ ಶುರು ಆಗ್ಲಿ. ಕೀಬೋರ್ಡ್ ನುಡಿಸೋರ ಕಾಪಿಲಿ ಬಲಗಡೆ ಪೇಜಿನ ಕೊನೇಲಿ ಒಂದು ರೆಸ್ಟ್ (ನುಡಿಸದೆ ಸುಮ್ನಿರೋ ಜಾಗ) ಬರೋ ಹಾಗೆ ನೋಡ್ಕೊಳಿ, ಪೇಜ್ ತಿರುಗಿಸಕ್ಕೆ ಅವ್ರಿಗೆ ಮೂರನೇ ಕೈ ಇಲ್ಲ.

ನಿಜವಾದ ತಲೆನೋವು ಕನ್ನಡ ಸಾಹಿತ್ಯ. ಸ್ವರ ಸೆಲೆಕ್ಟ್ ಮಾಡಿ ಕಂಟ್ರೋಲ್ ಎಲ್ ಒತ್ತಿ ಟೈಪ್ ಮಾಡಿ, ಪದದ ಒಳಗೆ ಮುಂದಿನ ಸ್ವರಕ್ಕೆ ಹೋಗಕ್ಕೆ ಹೈಫನ್, ಪದ ಮುಗಿದ್ರೆ ಸ್ಪೇಸ್, ಕೊನೇ ಅಕ್ಷರನ ಆಲಾಪದ ಥರ ಎಳೆಯೋ ಕಡೆ ಅಂಡರ್‌ಸ್ಕೋರ್. ಹಾಡುವಾಗ ಕನ್-ನ-ಡ ಅಂತ ಕೇಳತ್ತೆ ನಿಜ, ಆದ್ರೆ ಹಾಗೆ ಒಡೆದ್ರೆ ಒತ್ತು ಹಾರೋಗಿ ಅರ್ಧ ನ್ ಒಂಟಿಯಾಗಿ ನೇತಾಡತ್ತೆ, ಕ-ನ್ನ-ಡ ಅಂತ್ಲೇ ಒಡೀರಿ, ಸೂರ್ಯ ಇದ್ರೆ ಸೂ-ರ್ಯ, ಬಂತು ಇದ್ರೆ ಬಂ-ತು. ಕನ್ನಡ ಓದೋರ ಕಣ್ಣಿಗೆ ಇದೇ ಅಭ್ಯಾಸ. ಹಳೇ ನುಡಿ, ಬರಹ ಸಾಫ್ಟ್‌ವೇರ್ ಫೈಲಿಂದ ಕಾಪಿ ಮಾಡೋದಾದ್ರೆ ಮೊದ್ಲು ಯೂನಿಕೋಡಿಗೆ ಬದಲಾಯಿಸ್ಕೊಳಿ, ಇಲ್ಲಾಂದ್ರೆ ಬರೀ ಗೊಜ್ಜು ಬರತ್ತೆ.

ಫಾಂಟನ್ನ ಒಂದೊಂದು ಅಕ್ಷರಕ್ಕೂ ಬದಲಾಯಿಸ್ತಾ ಕೂರ್ಬೇಡಿ. ಫಾರ್ಮ್ಯಾಟ್, ಸ್ಟೈಲ್, ಟೆಕ್ಸ್ಟ್ ಸ್ಟೈಲ್ಸ್ ಒಳಗೆ ಲಿರಿಕ್ಸ್ ಆಡ್ ಲೈನ್ಸ್ (ಬೆಸ ಸಾಲು), ಈವನ್ ಲೈನ್ಸ್ (ಸಮ ಸಾಲು) ಅಂತ ಎರಡಿದೆ, ಎರಡಕ್ಕೂ ನೋಟೋ ಸೆರಿಫ್ ಕನ್ನಡ ಕೊಡಿ. ನಮ್ಮ ಒತ್ತಕ್ಷರ ಕೆಳಗೆ ಇಳಿಯೋದ್ರಿಂದ ಎರಡನೇ ಚರಣದ ಸಾಲಿಗೆ ತಾಗತ್ತೆ, ಸ್ಟೈಲಲ್ಲೇ ಲಿರಿಕ್ಸ್ ಪುಟಕ್ಕೆ ಹೋಗಿ ಲೈನ್ ಹೈಟ್ ಸ್ವಲ್ಪ ಜಾಸ್ತಿ ಮಾಡಿ. ಅಕ್ಷರ ಅಗಲ ಆಗಿ ಸ್ವರಗಳ ಮಧ್ಯೆ ಗ್ಯಾಪ್ ಅಡ್ಡಾದಿಡ್ಡಿ ಆದ್ರೆ ಫಾಂಟ್ ಒಂದು ಪಾಯಿಂಟ್ ಇಳಿಸಿ, ಇಲ್ಲಾ ಸಾಲಿಗೆ ಒಂದು ಬಾರ್ ಕಮ್ಮಿ ಮಾಡಿ. ನನ್ನ ಓಟು ಎರಡನೇದಕ್ಕೆ, ಪೇಪರ್ ಏನು ಚಿನ್ನ ಅಲ್ಲ.

ಬೇರೆ ಸಾಫ್ಟ್‌ವೇರಿಂದ ಮ್ಯೂಸಿಕ್ ಎಕ್ಸ್‌ಎಂಎಲ್ (ನೊಟೇಶನ್ ಸಾಫ್ಟ್‌ವೇರ್‌ಗಳ ಮಧ್ಯೆ ಸಾಗಿಸೋ ಫೈಲ್) ಮಾಡಿ ತಂದಿದ್ರೆ (ಫಿನಾಲೆ ಅನ್ನೋ ನೊಟೇಶನ್ ಸಾಫ್ಟ್‌ವೇರ್ 2024ರಲ್ಲಿ ನಿಂತ್ಮೇಲೆ ಸುಮಾರು ಜನ ಹೀಗೇ ಬಂದ್ರು) ಸ್ವರ ಬರತ್ತೆ, ಲೇಔಟ್ ಮಾತ್ರ ಮತ್ತೆ ಚೆಕ್ ಮಾಡ್ಲೇಬೇಕು.

ಜೆರಾಕ್ಸ್ ಅಂಗಡಿಗೆ ಪಿಡಿಎಫ್ಫೇ ತಗೊಂಡೋಗಿ, ಅವ್ರ ಕಂಪ್ಯೂಟರಲ್ಲಿ ಮ್ಯೂಸ್‌ಸ್ಕೋರೂ ಇರಲ್ಲ ನಿಮ್ಮ ಫಾಂಟೂ ಇರಲ್ಲ. ಫಿಟ್ ಟು ಪೇಜ್ ತೆಗ್ದು ಆಕ್ಚುವಲ್ ಸೈಜ್ ಹಾಕಿ ಅಣ್ಣಾ ಅಂತ ಹೇಳಿ, ಮೊದ್ಲು ಒಂದೇ ಒಂದು ಪೇಜ್ ತೆಗ್ಸಿ ಕೈ ಚಾಚಿ ದೂರ ಹಿಡಿದು ಓದಿ ನೋಡಿ, ಸಾಹಿತ್ಯ ಕಂಡ್ರೆ ಮಿಕ್ಕ ಮೂವತ್ತು ಸೆಟ್‌ಗೆ ಹೇಳಿ.