ಕತ್ತಲ ಡಬ್ಬಿಯೊಳಗೆ ಬೆಳಕು ಸೋರುತ್ತಿತ್ತು

ನಾನು ಕಣ್ಣಿಗೆ ಕಾಣದ ಫಾರ್-ಇನ್‌ಫ್ರಾರೆಡ್ ಬೆಳಕನ್ನು ಹಿಡಿಯುವ ಟೆಲಿಸ್ಕೋಪಿಗೆ ಬೇಕಾದ ಅಲ್ಯೂಮಿನಿಯಂ ಡಿಟೆಕ್ಟರ್‌ಗಳನ್ನು ಪರೀಕ್ಷಿಸುತ್ತೇನೆ. ಸುಮಾರು 1.2 ಕೆಲ್ವಿನ್‌ಗಿಂತ ತಣ್ಣಗಾದರೆ ಅಲ್ಯೂಮಿನಿಯಂ ಸೂಪರ್‌ಕಂಡಕ್ಟರ್ ಆಗುತ್ತದೆ, ಅಂದರೆ ಎಲೆಕ್ಟ್ರಾನ್‌ಗಳು ಜೋಡಿಯಾಗಿ ತಡೆಯಿಲ್ಲದೆ ಹರಿಯುತ್ತವೆ. ನಾವು 0.25ಕ್ಕೆ ಇಳಿಸುತ್ತೇವೆ. ಮುಚ್ಚಿದ ತಾಮ್ರದ ಡಬ್ಬಿಯಲ್ಲಿ ಚಿಪ್ ಸುಮ್ನೆ ಇರಬೇಕು, ಅಲ್ವಾ? ಇರಲಿಲ್ಲ. ನಾಯ್ಸ್ ಜಾಸ್ತಿ, ರೆಸೊನೆನ್ಸ್ ಗೆರೆಗಳು (ಪ್ರತಿ ಡಿಟೆಕ್ಟರ್ ಮಿಡಿಯುವ ಫ್ರೀಕ್ವೆನ್ಸಿಯ ಗುರುತುಗಳು) ಅಗಲ.

ಮೂರು ವಾರ ಚಿಪ್ಪನ್ನೇ ಅನುಮಾನಿಸಿದೆ. ಆಮೇಲೆ ಒಂದು ಉಪಾಯ ಹೊಳೆಯಿತು. ಚಿಪ್ಪನ್ನು 0.25ರಲ್ಲೇ ಹಿಡಿದು, ಹೊರಗಿನ 4 ಕೆಲ್ವಿನ್ ಕವಚವನ್ನು ಹೀಟರ್‌ನಿಂದ 6ಕ್ಕೆ ಏರಿಸಿದೆ. ಗೆರೆಗಳು ಕಣ್ಣೆದುರೇ ಕೆಳಗಿನ ಫ್ರೀಕ್ವೆನ್ಸಿಗೆ ಸರಿದವು! ಕವಚದ ಬೆಳಕು ಒಳಗೆ ನುಗ್ಗುತ್ತಿತ್ತು. 4 ಕೆಲ್ವಿನ್ ನಮಗೆ ಊಹೆಗೂ ಸಿಗದ ಚಳಿ. ಆದರೆ ಅಲ್ಯೂಮಿನಿಯಂನ ಎಲೆಕ್ಟ್ರಾನ್ ಜೋಡಿ ಒಡೆಯಲು ಸುಮಾರು 90 ಗಿಗಾಹರ್ಟ್ಸ್ ಫ್ರೀಕ್ವೆನ್ಸಿಯ ಬೆಳಕು ಸಾಕು, ಜೋಡಿ ಒಡೆದರೆ ಗೆರೆ ಸರಿಯುತ್ತದೆ. 4 ಕೆಲ್ವಿನ್ ವಸ್ತು ಅದಕ್ಕೂ ಮೇಲಿನ ಫ್ರೀಕ್ವೆನ್ಸಿಯಲ್ಲಿ ಚೆನ್ನಾಗಿಯೇ ಬೆಳಗುತ್ತದೆ.

ಎಲ್ಲ ಬಿಚ್ಚಿದೆ. ಡಬ್ಬಿಯೊಳಗೆ ಪುಟ್ಟ ಟಾರ್ಚ್ ಇಟ್ಟು ಕೋಣೆಯ ದೀಪ ಆರಿಸಿದೆ. ಮುಚ್ಚಳದ ಮೂಲೆಯಲ್ಲಿ ಸ್ಕ್ರೂ ಇಲ್ಲದ ತೂತು, ಅಕ್ಕಿಕಾಳಿನಷ್ಟು. ಕೇಬಲ್ ಬರುವಲ್ಲಿ ಕೂದಲೆಳೆಯ ಸಂದಿ. ತೂತಿಗೆ ಸ್ಕ್ರೂ ಹಾಕಿದೆ, ಸಂದಿಗೆ ಅಲ್ಯೂಮಿನಿಯಂ ಟೇಪ್ ಸುತ್ತಿದೆ. ಒಳಗೋಡೆಗೆ ಕಾರ್ಬನ್ ಪುಡಿ ಬೆರೆಸಿದ ಕಪ್ಪು ಎಪಾಕ್ಸಿ ಬಳಿದೆ. ಅಳಿದುಳಿದ ಬೆಳಕನ್ನು ಅದು ಹೀರಿಕೊಳ್ಳುತ್ತದೆ.

ಮತ್ತೆ ತಣ್ಣಗಾಗಲು ಎರಡು ದಿನ. ಈ ಸಲ ಕವಚವನ್ನು 6ಕ್ಕೆ ಏರಿಸಿದರೂ ಗೆರೆಗಳು ಅಲುಗಲಿಲ್ಲ.