ಲಿಮಿಟೆಡ್ ಎಕ್ಸ್‌ಪೆರಿಮೆಂಟಲ್ ಬರ್ಬನ್‌ಗೆ ದುಡ್ಡು ಹಾಕೋ ಮುಂಚೆ

ಬರ್ಬನ್ ಅಂದ್ರೆ ಅಮೆರಿಕದ ಒಂದು ಬಗೆ ವಿಸ್ಕಿ. ಪ್ರಯೋಗಕ್ಕೆ ಅಂತ ಸ್ವಲ್ಪವೇ ಮಾಡಿದ ಬಾಟಲಿ ತಗೋಳೋದಾದ್ರೆ ಮೊದಲು ಸೈಜ್ ನೋಡ್ರಿ. ಅಮೆರಿಕದ ಬಫಲೋ ಟ್ರೇಸ್ ಡಿಸ್ಟಿಲರಿಯವರ ಎಕ್ಸ್‌ಪೆರಿಮೆಂಟಲ್ ಕಲೆಕ್ಷನ್ ಬರೋದು 375 ಎಂಎಲ್‌ನಲ್ಲಿ, ಮಾಮೂಲಿ ಬಾಟಲಿ 750, ಅಂದ್ರೆ ರೇಟ್ ಹೋಲಿಸೋವಾಗ ಡಬಲ್ ಮಾಡ್ಕೊಂಡೇ ಲೆಕ್ಕ ಹಾಕಬೇಕು, ಇದನ್ನ ತುಂಬಾ ಜನ ಮರೀತಾರೆ.

ಆಮೇಲೆ ಪ್ರಯೋಗ ಏನು ಅಂತ ಲೇಬಲ್‌ನಲ್ಲಿ ಹುಡುಕಿ. ಬರ್ಬನ್ ಅಂದ್ಮೇಲೆ ಕನಿಷ್ಠ 51% ಮೆಕ್ಕೆಜೋಳ, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿ ಇರ್ಲೇಬೇಕು, ಹಾಗಾಗಿ ಆಟ ಆಡೋಕೆ ಉಳಿಯೋದು ಉಳಿದ ಧಾನ್ಯ, ಮರ, ಸುಡೋ ಮಟ್ಟ, ಗೋದಾಮಿನ ಜಾಗ, ವಯಸ್ಸು ಇಂಥವು. ಅವರದ್ದೇ ಸಿಂಗಲ್ ಓಕ್ ಪ್ರಾಜೆಕ್ಟ್‌ನಲ್ಲಿ 96 ಮರದಿಂದ 192 ಪೀಪಾಯಿ ಮಾಡಿ 2011ರಿಂದ ಬಿಟ್ರು, ಅಂಥದ್ರಲ್ಲಿ ಎರಡು ಬಾಟಲಿ ಪಕ್ಕಪಕ್ಕ ಇಟ್ಟು ಕುಡಿದ್ರೇನೇ ವ್ಯತ್ಯಾಸ ಗೊತ್ತಾಗೋದು, ಒಂದೇ ತಗೊಂಡ್ರೆ ಪ್ರಯೋಗದ ಅರ್ಧ ಮಜಾ ಹೋಯ್ತು.

ನನ್ ಪ್ರಕಾರ ಡಿಸ್ಟಿಲರಿ ಹೇಳಿದ ಬೆಲೆಗೆ ಸಿಕ್ರೆ ಕುತೂಹಲಕ್ಕೆ ತಗೋಬಹುದು. ರೀಸೇಲ್ ರೇಟ್‌ಗೆ ಬೇಡ, ಅಲ್ಲಿ ನೀವು ಕೊಡೋದು ಅಪರೂಪಕ್ಕೆ, ರುಚಿಗಲ್ಲ. ಮೊದಲು ಬಾರ್‌ನಲ್ಲಿ ಒಂದು ಪೆಗ್ ಸಿಗುತ್ತಾ ನೋಡಿ, ಇಲ್ಲಾಂದ್ರೆ ಸ್ನೇಹಿತರು ಸೇರಿ ಒಂದು ಬಾಟಲಿ ಹಂಚ್ಕೊಳ್ಳಿ, ಲೇಬಲ್ ಮುಚ್ಚಿ ಮಾಮೂಲಿ ಬರ್ಬನ್ ಜೊತೆ ಇಟ್ಟು ಕುಡೀರಿ. ಯಾವ್ದು ಯಾವ್ದು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಆ ದುಡ್ಡಲ್ಲಿ ಒಳ್ಳೆ ಬ್ಯಾರಲ್ ಪ್ರೂಫ್ (ಪೀಪಾಯಿಯಿಂದ ತೆಗೆದು ನೀರು ಬೆರೆಸದೆ ತುಂಬಿದ ಬರ್ಬನ್) ತಗೊಳ್ಳಿ.