ನಿಕೋಡೆಮಸ್: ಎತ್ತು ತಿರುಗಿದ ಹಾಗೆ ಓದಬೇಕಾದ ನಕ್ಷೆ

ಅಮೆರಿಕದ ಕ್ಯಾನ್ಸಸ್‌ನ ವಿಚಿಟಾದಲ್ಲಿ ಕೆಲಸದಲ್ಲಿದ್ದಾಗ ಒಂದು ಭಾನುವಾರ ಸುಮ್ನೆ ಕಾರು ಹತ್ತಿ ನಿಕೋಡೆಮಸ್‌ಗೆ ಹೋಗಿದ್ದೆ. ಕಣ್ಣು ಹಾಯುವಷ್ಟು ದೂರವೂ ಬಯಲು, ನಡುವೆ ಬೆರಳೆಣಿಕೆಯ ಮನೆಗಳು. ಗುಲಾಮಗಿರಿ ಮುಗಿದ ಹನ್ನೆರಡೇ ವರ್ಷಕ್ಕೆ, 1877ರಲ್ಲಿ, ಕೆಂಟಕಿಯಿಂದ ಬಂದ ಕಪ್ಪು ಜನ ಕಟ್ಟಿದ ಊರು ಇದು. ಮರವಿಲ್ಲದ ಸೀಮೆ. ನೆಲ ಅಗೆದು ಅದರೊಳಗೇ ವಾಸ ಮಾಡಿದರು. ಮರುವರ್ಷ ಬಂದ ವಿಲಿಯಾನಾ ಹಿಕ್‌ಮನ್ ಊರೆಲ್ಲಿ ಅಂತ ನೋಡಿದರೆ ಕಂಡದ್ದು ನೆಲದಿಂದ ಏಳುತ್ತಿದ್ದ ಹೊಗೆ. ಅಲ್ಲೇ ಅತ್ತುಬಿಟ್ಟರಂತೆ.

ಯಾರ ಹೊಲ ಎಲ್ಲಿತ್ತು ಅಂತ ತಿಳಿಯುವ ಹುಚ್ಚು ನನಗೆ ಹಿಡಿಯಿತು. ಸರ್ಕಾರ ಕೊಟ್ಟ ಜಮೀನಿನ ಹಕ್ಕುಪತ್ರಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ನಮ್ಮ ಪಹಣಿಯಲ್ಲಿ ಸರ್ವೆ ನಂಬರ್ ಇದ್ದ ಹಾಗೆ ಅಲ್ಲಿ ಸೆಕ್ಷನ್ ನಂಬರ್. ಟೌನ್‌ಶಿಪ್ ಅನ್ನುವ ಆರು ಮೈಲಿ ಚೌಕದ ಒಂದು ತುಂಡಿಗೆ 36 ಸೆಕ್ಷನ್, ಒಂದೊಂದೂ 640 ಎಕರೆ. ಅದರ ಕಾಲು ಭಾಗ, 160 ಎಕರೆ, ಒಬ್ಬರ ಪಾಲು.

ಮೊದಲ ಎರಡು ವಾರ ಪೂರ್ತಿ ದಂಡ. ನಕ್ಷೆಯ ಸೆಕ್ಷನ್ ಚೌಕಗಳನ್ನು ಪುಸ್ತಕ ಓದುವ ಹಾಗೆ ಎಡದಿಂದ ಬಲಕ್ಕೆ ಎಣಿಸಿದ್ದೆ. ಒಂದನೇ ನಂಬರ್ ಇರುವುದು ಈಶಾನ್ಯ ಮೂಲೆಯಲ್ಲಿ! ಅಲ್ಲಿಂದ ಪಶ್ಚಿಮಕ್ಕೆ ಆರರವರೆಗೆ, ಅದರ ಕೆಳಗೇ ಏಳು, ಮತ್ತೆ ಪೂರ್ವಕ್ಕೆ. ಉಳುವಾಗ ಎತ್ತು ಸಾಲು ಮುಗಿಸಿ ತಿರುಗುತ್ತಲ್ಲ, ಹಾಗೆ. ಗುರುತು ಹಾಕಿದ್ದನ್ನೆಲ್ಲ ಅಳಿಸಿ ಮತ್ತೆ ಕೂತೆ.

ನಿಜವಾದ ಸರಕು ಇದ್ದದ್ದು ಹೋಮ್‌ಸ್ಟೆಡ್ ಕಡತಗಳಲ್ಲಿ, ಅಂದರೆ ಸರ್ಕಾರದಿಂದ ಜಮೀನು ಪಡೆಯಲು ಹಾಕಿದ ಅರ್ಜಿಗಳ ಕಡತಗಳಲ್ಲಿ. ಐದು ವರ್ಷ ಅಲ್ಲೇ ಇದ್ದು ಉತ್ತಿದ್ದೇವೆ ಅಂತ ರುಜುವಾತು ಕೊಡಬೇಕಿತ್ತು. ಮನೆ ಎಷ್ಟು ಅಡಿ, ಬಾವಿ ಇದೆಯಾ, ಎಷ್ಟು ಎಕರೆ ಉತ್ತಿದ್ದು, ಎಲ್ಲದಕ್ಕೂ ನೆರೆಯವರ ಸಾಕ್ಷಿ. ಯಾರು ಯಾರ ಪಕ್ಕದಲ್ಲಿದ್ದರು ಅನ್ನುವುದು ಆ ಸಾಕ್ಷಿಗಳ ಹೆಸರಿನಿಂದಲೇ ಬಿಚ್ಚಿಕೊಳ್ಳುತ್ತದೆ.

1887ರಲ್ಲಿ ಊರವರು ಮಿಸೌರಿ ಪೆಸಿಫಿಕ್ ರೈಲನ್ನು ಕರೆಸಲು 16,000 ಡಾಲರ್ ಸಾಲದ ಬಾಂಡ್‌ಗೆ ಮತ ಹಾಕಿದ್ದರು. ರೈಲು ಬರಲಿಲ್ಲ. ಇನ್ನೊಂದು ಕಂಪನಿಯ ಹಳಿ ಸೊಲೊಮನ್ ನದಿಯ ಆಚೆ ಬಿತ್ತು, ಅಂಗಡಿಗಳು ಅದರ ಹಿಂದೆ ಬೋಗ್ ಅನ್ನುವ ಹೊಸ ಊರಿಗೆ ಎದ್ದುಹೋದವು. ಸರಿಯಾಗಿ ಆ ಕಾಲದ್ದೇ, 1890ರ ಜನಗಣತಿ, 1921ರ ಬೆಂಕಿಯಲ್ಲಿ ಹೆಚ್ಚೂಕಡಿಮೆ ಪೂರ್ತಿ ಹಾಳಾಗಿದೆ. ಹಾಗಾಗಿ 1880ರ ಪಟ್ಟಿಯನ್ನು 1900ರ ಪಟ್ಟಿಯ ಪಕ್ಕದಲ್ಲಿಟ್ಟು ಹೆಸರುಗಳನ್ನು ತಾಳೆ ನೋಡಿದೆ. ಎರಡನೆಯದರಲ್ಲಿ ಸಿಗದವರ ಹೊಲಗಳ ಮೇಲೆ ಪೆನ್ಸಿಲ್‌ನಲ್ಲಿ ಪ್ರಶ್ನೆಚಿಹ್ನೆ ಹಾಕಿಟ್ಟಿದ್ದೇನೆ.